ಸಂಪಿಗೆಯ ಹಳದಿ

ಅವರ ಮೂಗಿನ ತುದಿಯಲ್ಲಿ ದಿನಾ ಒಂದು ಚುಕ್ಕೆ ಇಂಕು ಅಂಟಿಕೊಂಡಿರುತ್ತಿತ್ತು. ಒಂದು ದಿನ ನೀಲಿ, ಒಂದು ದಿನ ಕೆಂಪು. ಮಿಷನ್ನಿನಿಂದ ಆಗಷ್ಟೇ ಇಳಿದ ಹಸಿ ಶೀಟನ್ನು ಮುಖಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೋಡುವುದು ಅವರ ಅಭ್ಯಾಸ. ನಮ್ಮದು ಅಗರಬತ್ತಿ ಪ್ಯಾಕೆಟ್ಟುಗಳನ್ನು ಅಚ್ಚು ಹಾಕುವ ಪ್ರೆಸ್ಸು. ಹಾಗಾಗಿ, "ಆರ್ಟಿಸ್ಟ್ ಸಾರ್ ಖಾಲಿ ಪ್ಯಾಕೆಟ್ಟಲ್ಲೂ ವಾಸ್ನೆ ಹಿಡೀತಾರೆ" ಎಂದು ಮಿಷನ್ನಿನವರು ನಗುತ್ತಿದ್ದರು. ಅವರ ಜೊತೆ ನಾನೂ ಎಷ್ಟೋ ಸಲ ನಕ್ಕಿದ್ದೇನೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ಆ ಪ್ರೆಸ್ಸಿಗೆ ಸಾರ್ ಕುಂಚದಲ್ಲಿ ಡಿಸೈನ್ ಬರೆಯುತ್ತಿದ್ದ ಕಾಲದಲ್ಲೇ ಸೇರಿದ್ದರು. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಎರಡು ಪೆನ್ಸಿಲ್ಲು. ಮಾಲೀಕರಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಆರ್ಟಿಸ್ಟ್ ಸಾರ್. ನಾನು ಡಿಪ್ಲೊಮಾ ಮುಗಿಸಿ ಕೆಂಗೇರಿಯಿಂದ ಅಲ್ಲಿಗೆ ಕೆಲಸ ಕೇಳಿಕೊಂಡು ಹೋದಾಗ ಇನ್ನೂ ನಾಲ್ಕು ಜನ ದಪ್ಪ ದಪ್ಪ ಫೈಲು ಹಿಡಿದು ಕೂತಿದ್ದರು. ಸಾರ್ ನನ್ನ ಫೈಲನ್ನು ಬಿಚ್ಚಲೂ ಇಲ್ಲ.

"ನಿನ್ನ ದುಪಟ್ಟಾ ಯಾವ ಬಣ್ಣದ್ದಮ್ಮಾ?" ಎಂದು ಕೇಳಿದರು.

ಇದೆಂಥ ಇಂಟರ್‌ವ್ಯೂ ಎಂದು ನನಗೆ ರೇಗಿಹೋಯಿತು. "ಈರುಳ್ಳಿ ಸಿಪ್ಪೆ ಬಣ್ಣ ಸಾರ್. ಎರಡು ಸಲ ಒಗೆದ ಮೇಲೆ ಹಿಂಗಾಗಿದೆ" ಎಂದೆ.

"ಸೋಮವಾರದಿಂದ ಬಂದ್ಬಿಡು" ಎಂದರು.

ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ನನ್ನನ್ನು ಕರೆದುಕೊಂಡು ಹೊರಡುತ್ತಿದ್ದರು. ಹೋಗುತ್ತಿದ್ದದ್ದು ಬೇರೆಲ್ಲಿಗೂ ಅಲ್ಲ, ಹಿಂದಿನ ರಸ್ತೆಯಲ್ಲಿ ಸಾಲಾಗಿ ನಿಲ್ಲುವ ತರಕಾರಿ ಗಾಡಿಗಳ ಹತ್ತಿರಕ್ಕೆ. "ಕಂಪ್ಯೂಟರ್‌ನಲ್ಲಿ ಹುಡುಕ್ಬೇಡ ಕಣಮ್ಮಾ, ಅಲ್ಲಿರೋದು ಯಾರೋ ನೋಡಿ ಮುಗಿಸಿರೋ ಬಣ್ಣ" ಎನ್ನುವುದು ಅವರ ಮಾತು. ಒಂದು ಹೀರೇಕಾಯಿ ಎತ್ತಿ ನನ್ನ ಕೈಗೆ ಕೊಟ್ಟು, ಇದು ಯಾವ ಹಸಿರು ಹೇಳು ಎನ್ನುವರು. ಡಾರ್ಕ್ ಗ್ರೀನ್ ಎಂದರೆ ಒಪ್ಪುತ್ತಿರಲಿಲ್ಲ. ತೊಂಡೆಕಾಯಿಗಿಂತ ಮಂಕೋ, ಕರಿಬೇವಿಗಿಂತ ತಿಳಿಯೋ, ಒಳಗೆ ಹಳದಿ ಎಷ್ಟಿದೆ, ಬಿಸಿಲಿಗೆ ಹಿಡಿದರೆ ಏನಾಗುತ್ತೆ, ಎಲ್ಲ ಬಾಯಿಬಿಟ್ಟು ಹೇಳಬೇಕು. ಗಾಡಿಯ ಆಂಟಿಗೆ ನಾವೆಂದರೆ ತಮಾಷೆ. "ಏನ್ ಸಾರ್, ಒಂದಿನಾನೂ ಕಾಲ್ ಕೆಜಿ ತಗೊಳಲ್ಲ, ದಿನಾ ಬದನೆಕಾಯಿಗೆ ಪರೀಕ್ಷೆ ಇಡ್ತೀರಲ್ಲ" ಎಂದು ಕಾಲೆಳೆಯುತ್ತಿದ್ದರು. ಆದರೆ ಆ ವರ್ಷ ಚೆನ್ನಾಗಿ ಓಡಿದ ನಮ್ಮ ಲ್ಯಾವೆಂಡರ್ ಪ್ಯಾಕೆಟ್ಟಿನ ಬಣ್ಣ ಹುಟ್ಟಿದ್ದು ಆಕೆಯ ಬದನೆಕಾಯಿಯಿಂದಲೇ. ಸಾರ್ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ, ಸಂಜೆಯೊಳಗೆ ಪ್ಯಾಕೆಟ್ಟು ತಯಾರಾಗಿತ್ತು.

ಪ್ರೆಸ್ಸಿನಲ್ಲೂ ಅದೇ ಪಾಠ. ಮಿಷನ್ನಿನಿಂದ ಮೊದಲ ಶೀಟು ಬಂದರೆ, ಮೂಗಿಗೆ ಹಿಡಿದು ನೋಡಿ, ಆಮೇಲೆ ನನ್ನ ಮುಂದೆ ಹಾಸುತ್ತಿದ್ದರು. "ಹೇಗಿದೆ? ವಿವರವಾಗಿ ಹೇಳು." ನಾನು ಹೇಳಿ ಮುಗಿಸಿದ ಮೇಲೆ ಮೂಲೆಯಲ್ಲಿ ಸಹಿ ಹಾಕುವರು. ಆ ಸಹಿ ಬಿದ್ದ ಮೇಲೆ ಮಿಷನ್ ಓಡಲು ಶುರು. ಒಂದೂವರೆ ವರ್ಷ ಕಳೆಯುವ ಹೊತ್ತಿಗೆ ನನಗೆ ಇದು ಸಾಕಾಗಿ ಹೋಗಿತ್ತು. ಎಲ್ಲ ಗೊತ್ತಿದ್ದೂ ನನ್ನ ಬಾಯಲ್ಲಿ ಹೇಳಿಸುತ್ತಾರೆ, ನಾನೇನು ಒಂದನೇ ಕ್ಲಾಸಿನ ಮಗುವೇ ಎನ್ನಿಸುತ್ತಿತ್ತು. ಬೇರೆ ಕಡೆ ಕೆಲಸ ಹುಡುಕಲು ಶುರು ಮಾಡಿದ್ದೆ.

ದೀಪಾವಳಿಗೆ ಮುಂಚೆ ಸಂಪಿಗೆ ಅಗರಬತ್ತಿಯ ಪ್ಯಾಕೆಟ್ಟು ಮಿಷನ್ನಿಗೆ ಹೋಯಿತು. ಆ ಸಂಪಿಗೆ ಸಾರ್ ವಯಸ್ಸಿನಲ್ಲಿದ್ದಾಗ ಕೈಯಲ್ಲಿ ಬರೆದದ್ದು. ಮಾರುಕಟ್ಟೆಗೆ ಬಂದು ಅಷ್ಟು ವರ್ಷವಾದರೂ ಜನ ಹೆಸರು ಓದದೆ, ಆ ಹೂವಿನ ಕಾಸಿದ ತುಪ್ಪದಂಥ ಬಣ್ಣ ನೋಡಿಯೇ ಅದನ್ನು ಕೇಳಿ ಪಡೆಯುತ್ತಿದ್ದರು. ಶೀಟು ಬಂದಾಗ ನಾನು ಫೋನಿನಲ್ಲಿದ್ದೆ. ಇನ್ನೊಂದು ಆಫೀಸಿನಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು, ಅದನ್ನು ಗೆಳತಿಗೆ ಹೇಳುತ್ತಿದ್ದೆ. ಸಾರ್ ಶೀಟು ಹಾಸಿ ಕಾಯುತ್ತಾ ನಿಂತರು.

"ಹೇಗಿದೆಯಮ್ಮಾ?"

ನಾನು ಫೋನಿಗೆ ಕೈ ಅಡ್ಡ ಹಿಡಿದು, ತಲೆಯನ್ನೂ ಎತ್ತದೆ, "ಚೆನ್ನಾಗಿದೆ ಸಾರ್. ನೀವೇ ನೋಡಿದೀರಲ್ಲ" ಎಂದೆ.

ಶೀಟನ್ನು ಇನ್ನೊಂದು ಸಲ ಮೂಗಿಗೆ ಹಿಡಿದರು. ಆಮೇಲೆ ಸಹಿ ಹಾಕಿದರು.

ಹಳದಿ ಇಂಕು ತೀರಾ ತೆಳುವಾಗಿ ಬಿದ್ದಿತ್ತು. ಹೂವು ರಕ್ತವಿಲ್ಲದವರ ಮುಖದ ಹಾಗೆ ಬಿಳಿಚಿಕೊಂಡಿತ್ತು, ಎಲೆ ನೀಲಿಗೆ ತಿರುಗಿತ್ತು. ಮಿಷನ್ ಓಡಿಸುವವನಿಗೆ ಅನುಮಾನ ಬಂದಿತ್ತಂತೆ. ಆರ್ಟಿಸ್ಟ್ ಸಾರೇ ಓಕೆ ಅಂದ ಮೇಲೆ ನಾವ್ಯಾಕೆ ಬಾಯಿ ಹಾಕೋದು ಎಂದು ಓಡಿಸಿಬಿಟ್ಟ. ಹಬ್ಬದ ಮಾಲೆಲ್ಲ ವಾಪಸ್ಸು ಬಂತು. ಅಂಗಡಿಯವರು ಅದನ್ನು ನಕಲಿ ಮಾಲು ಎಂದುಕೊಂಡಿದ್ದರು.

ಮಾಲೀಕರು ಕೆಟ್ಟವರಲ್ಲ, ಕೂಗಾಡುವವರೂ ಅಲ್ಲ. ನಮ್ಮೆಲ್ಲರನ್ನೂ ಮೇಜಿನ ಹತ್ತಿರ ಕರೆದು, ಹಳೆಯದೊಂದು, ಹೊಸದೊಂದು ಪ್ಯಾಕೆಟ್ಟನ್ನು ಸಾರ್ ಮುಂದೆ ಇಟ್ಟರು.

"ಸಾರ್, ಇವೆರಡರಲ್ಲಿ ವಾಪಸ್ ಬಂದಿರೋದು ಯಾವುದು?"

ಸಾರ್ ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿದರು. ಮತ್ತೆ ಹಿಡಿದರು. ಕಿಟಕಿಯ ಕಡೆ ತಿರುಗಿ ನೋಡಿದರು. ಬೆರಳಿನಿಂದ ಸವರಿದರು. ಎಷ್ಟು ಹೊತ್ತಾಯಿತೆಂದರೆ ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಾಗದೆ ನಿಂತಿದ್ದೆವು. ಕೊನೆಗೆ ಎಡಗೈಯಲ್ಲಿದ್ದದ್ದನ್ನು ಮುಂದೆ ಚಾಚಿದರು. ಅದು ಹಳೆಯದು, ಅವರದೇ ಬಂಗಾರದಂಥ ಸಂಪಿಗೆ.

ಮಾಲೀಕರು ಅದನ್ನು ಮೆಲ್ಲಗೆ ಈಸಿಕೊಂಡರು. "ಎಷ್ಟು ದಿನದಿಂದ ಸಾರ್?"

"ಎರಡು ವರ್ಷ ಆಯ್ತು. ಶುಗರ್ರು. ಹಳದಿ ಮೊದ್ಲು ಹೋಯ್ತು."

"ಮತ್ತೆ ಇಷ್ಟು ದಿನ ಹೇಗೆ ನಡೆಸಿದ್ರಿ?"

ಅವರು ನನ್ನ ಕಡೆ ತಿರುಗಲಿಲ್ಲ. "ಅಭ್ಯಾಸ" ಎಂದರು.

ನನಗೆ ಹೀರೇಕಾಯಿ, ಬದನೆಕಾಯಿ, ದುಪಟ್ಟಾ ಎಲ್ಲ ಒಟ್ಟಿಗೆ ಅರ್ಥವಾದವು. ಅವರು ಕೆಲಸಕ್ಕೆ ತೆಗೆದುಕೊಂಡದ್ದು ನನ್ನ ಡಿಪ್ಲೊಮಾವನ್ನಲ್ಲ, ಎರಡು ಕಣ್ಣುಗಳನ್ನು. ನನಗೆ ಪಾಠ ಹೇಳುತ್ತಿದ್ದಾರೆ ಎಂದುಕೊಂಡಿದ್ದ ಪ್ರಶ್ನೆಗಳೆಲ್ಲ ನಿಜವಾದ ಪ್ರಶ್ನೆಗಳಾಗಿದ್ದವು.

"ಈ ಶೀಟ್ ಪಾಸ್ ಮಾಡೋವಾಗ ಜೊತೆಗೆ ಯಾರೂ ಇರ್ಲಿಲ್ವಾ ಸಾರ್?" ಮಾಲೀಕರು ಕೇಳಿದರು.

"ಇಲ್ಲ. ನಾನೊಬ್ನೇ ಇದ್ದೆ."

ನಾನು ಅವರಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಇಲ್ಲ ಸಾರ್, ನಾನೂ ಇದ್ದೆ, ಕೇಳಿದ್ರು, ನೋಡ್ದೇ ಹೇಳ್ಬಿಟ್ಟೆ ಎನ್ನಲು ಬೇಕಾದಷ್ಟು ಸಮಯವಿತ್ತು. ನಾನು ನೆಲ ನೋಡುತ್ತಾ ನಿಂತೆ. ಹೆದರಿಕೆ ಅಷ್ಟೇ, ಬೇರೆ ಕಾರಣ ಕೊಡಲು ಹೋಗುವುದಿಲ್ಲ. ಅವತ್ತು ಸಂಜೆ ಅವರು ತಮ್ಮ ಸ್ಟೀಲ್ ಸ್ಕೇಲು, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮಾರನೆಯ ದಿನ ಮಾಲೀಕರು, "ಇನ್ಮೇಲೆ ಶೀಟ್ ನೀನೇ ನೋಡಮ್ಮಾ" ಎಂದರು. ನಾನು ಇಂಟರ್‌ವ್ಯೂಗೆ ಹೋಗಲಿಲ್ಲ. ಸಾರ್ ಕುರ್ಚಿಯಲ್ಲಿ ಕೂತೆ.

ಕುರುಬರಹಳ್ಳಿಯಲ್ಲಿದ್ದ ಅವರ ಮನೆಗೆ ಹೋಗಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅವರ ಹೆಂಡತಿ ಬಾಗಿಲು ತೆಗೆದು, ಬಾಮ್ಮಾ ಎಂದು ಒಳಗೆ ಕರೆದು, ಕಾಫಿಗಿಡಲು ಹೋದರು. ಸಾರ್ ಮಂಚದ ಅಂಚಿನಲ್ಲಿ ಕೂತಿದ್ದರು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋಗಿತ್ತು. ನಾನು ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಸಾರ್, ಅವತ್ತು ನಾನು ಶೀಟ್ ನೋಡಿರ್ಲಿಲ್ಲ."

"ಗೊತ್ತು. ನೋಡಿದ್ದಿದ್ರೆ ಹೇಳ್ತಿದ್ದೆ ನೀನು."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಹಗುರಾಗಿ ಮನೆಗೆ ಹೋಗುತ್ತಿದ್ದೆನೇನೋ. ಅವರು ದನಿ ಏರಿಸದೆ ಹೇಳಿದರು: "ಮಾಲೀಕರ ಮುಂದೆ ನಾನೊಬ್ನೇ ಇದ್ದೆ ಅಂದೆನಲ್ಲ, ಆಗ ನೀನು ಇಲ್ಲಾ ಅಂತೀಯ ಅಂದ್ಕೊಂಡಿದ್ದೆ ಕಣಮ್ಮಾ. ನಿನ್ನ ಕೆಲಸ ಹೋಗೋಕೆ ನಾನು ಬಿಡ್ತಿರ್ಲಿಲ್ಲ. ಆದ್ರೂ ನೀನು ಅಂತೀಯ ಅಂದ್ಕೊಂಡಿದ್ದೆ."

ಕಾಫಿ ಬಂತು. ಆರುತ್ತೆ, ಕುಡಿ ಎಂದರು. ಕುಡಿದೆ. ಅವರು ಬದುಕಿರುವಾಗ ಮತ್ತೆ ನಾನು ಆ ಕಡೆ ಹೋಗಲಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಅವರು ತೀರಿಕೊಂಡರು. ಕಿಡ್ನಿಯೂ ಕೈಕೊಟ್ಟಿತ್ತಂತೆ. ಇವತ್ತಿಗೂ ನನ್ನ ಅನ್ನ ಅವರು ಕಲಿಸಿದ್ದರಿಂದಲೇ ಹುಟ್ಟುತ್ತಿದೆ. ಅವರು ಕಲಿಸಲೆಂದು ಕೇಳಲಿಲ್ಲ ನಿಜ, ಆದರೆ ಅವರಿಗೆ ಹೇಳಿ ಹೇಳಿಯೇ ನಾನು ನೋಡುವುದನ್ನು ಕಲಿತೆ. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ಅವರನ್ನು ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವರ ಹೆಂಡತಿ ಎದ್ದು ಬಂದು ಕೈ ಹಿಡಿದುಕೊಂಡರು. ಕೂತಿದ್ದ ನೆಂಟರ ಕಡೆ ತಿರುಗಿ, "ಇವಳೇ ನೋಡಿ, ಇವರು ದಿನಾ ಹೇಳ್ತಿದ್ದ ಹುಡುಗಿ. ಯಾರಿಗೂ ಗೊತ್ತಾಗದ ಹಾಗೆ ಇವರಿಗೆ ಕಣ್ಣಾಗಿದ್ದೋಳು. ಒಂದು ದಿನ ಇವಳು ರಜಾ ಹಾಕಿದ್ಲು, ಅವತ್ತೇ ಹಂಗಾಗೋಯ್ತು" ಎಂದರು.

ನೆಂಟರು ನನಗೆ ಕೈಮುಗಿದರು. ನಾನೂ ಮುಗಿದೆ.