ಜಾರುಬಂಡೆ ಮೇಷ್ಟ್ರ ಬಲಗಾಲು

ಈ ಬರಹದಲ್ಲಿ ಬರುವವರು ಇಬ್ಬರು ಗಂಡಸರೆಂದು ನಾನು ಬಹಳ ಕಾಲ ನಂಬಿದ್ದೆ. ಒಬ್ಬರು ಭಾನುವಾರದವರು, ಇನ್ನೊಬ್ಬರು ಉಳಿದ ದಿನಗಳವರು. ಇಬ್ಬರೂ ಒಬ್ಬರೇ ಎಂದು ಗೊತ್ತಾದ ದಿನ ನನ್ನ ಗೊಂದಲ ತೀರಬೇಕಿತ್ತು. ಅದು ಅಲ್ಲಿಂದಲೇ ಶುರುವಾಯಿತು.

ಮೊದಲು ಭಾನುವಾರದವರ ವಿಷಯ. ನನ್ನ ಹೊಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದ ಡಾಕ್ಟರು, "ಸೈಕಲ್ ಹೊಡೀರಿ" ಅಂದಿದ್ದರು. ಎಂಥ ಸೈಕಲ್ಲು, ಎಲ್ಲಿ ಹೊಡೆಯಬೇಕು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ಅಳೆದು, ದಪ್ಪ ಟೈರಿನ, ಮುಂದೆ ಸ್ಪ್ರಿಂಗಿರುವ ಒಂದು ಸೈಕಲ್ಲು ತಂದು ನಿಲ್ಲಿಸಿ, "ಇದಾದ್ರೆ ತಡ್ಕೊಳುತ್ತೆ ಸಾರ್" ಅಂದ. ಅದು ಗುಡ್ಡ ಹತ್ತಿ ಇಳಿಯುವವರ ಸೈಕಲ್ಲೆಂದು ಗೊತ್ತಾದದ್ದು ಮನೆಗೆ ತಂದ ಮೇಲೆ. ತಂದದ್ದಾಯಿತಲ್ಲ ಎಂದು ಗುಡ್ಡಕ್ಕೆ ಹೋದೆ.

ಊರಾಚೆಯ ಆ ಗುಡ್ಡದ ಬುಡದಲ್ಲಿ ಭಾನುವಾರ ಬೆಳಗ್ಗೆ ಸೇರುವ ಗುಂಪಿನಲ್ಲಿ ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಎಲ್ಲರ ತಲೆಗೂ ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಕನ್ನಡಕ, ಉಳಿದ ಭಾಗಕ್ಕೆ ಮಣ್ಣು. ಹೀಗಾಗಿ ಅಡ್ಡಹೆಸರೇ ಗತಿ. ಬಿರುಗಾಳಿಯ ಹಾಗೆ ಹೋಗುವ ಹೆಂಗಸು ಮಿಂಚಕ್ಕ. ಇಳಿಜಾರು ಕಂಡ ಕೂಡಲೇ ಕೆಳಗಿಳಿದು ಸೈಕಲ್ಲನ್ನು ಕರುವಿನ ಹಾಗೆ ನಡೆಸಿಕೊಂಡು ಬರುವ ಆಜಾನುಬಾಹು ಪಾದಯಾತ್ರಿ. ಎಲ್ಲರೂ ಇಳಿದು, ಚಹಾ ಕುಡಿದು, ಲೋಟ ತೊಳೆಯುವ ಹೊತ್ತಿಗೆ ಬಂದು ಸೇರುವ ನಾನು ಲಗೇಜು.

ಗುಂಪಿನಲ್ಲಿ ಒಂದೇ ಕಟ್ಟಳೆ: ಗುಡ್ಡದ ಮೇಲೆ ಯಾರೂ ಯಾರ ಉದ್ಯೋಗವನ್ನೂ ಕೇಳಕೂಡದು. ಹಿಂದೊಮ್ಮೆ ಒಬ್ಬರು ಬಾಯಿ ತಪ್ಪಿ ತಾವು ಹಲ್ಲಿನ ಡಾಕ್ಟರೆಂದು ಹೇಳಿಬಿಟ್ಟರಂತೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಗುಡ್ಡದ ನೆತ್ತಿಯಲ್ಲಿ ಜನ ಸೂರ್ಯನ ಕಡೆ ಬಾಯಿ ತೆರೆದುಕೊಂಡು ಸಾಲಾಗಿ ನಿಂತರು. ಡಾಕ್ಟರು ಬರುವುದನ್ನೇ ಬಿಟ್ಟರು. ನನಗಂತೂ ಈ ಕಟ್ಟಳೆ ಅನುಕೂಲವೇ ಆಯಿತು. ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳ ಡಬ್ಬದೊಳಗೆ ಒಂದು ಪುಸ್ತಿಕೆ ಇರುತ್ತದಲ್ಲ, ಅದರಲ್ಲಿ ಎಚ್ಚರಿಕೆಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. 'ಒದ್ದೆ ಕೈಯಿಂದ ಮುಟ್ಟಬೇಡಿ', 'ತಿರುಗುತ್ತಿರುವಾಗ ಬೆರಳು ಹಾಕಬೇಡಿ' ಎಲ್ಲ ನನ್ನವೇ. ನನ್ನ ಬರಹ ತಲುಪದ ಮನೆಯಿಲ್ಲ. ಓದಿದವರನ್ನು ಮಾತ್ರ ಈವರೆಗೆ ಕಂಡಿಲ್ಲ.

ಈ ಗುಂಪಿನ ರತ್ನವೆಂದರೆ ಜಾರುಬಂಡೆ. ನನ್ನದೇ ವಯಸ್ಸು, ನನ್ನ ಅರ್ಧ ತೂಕ. ನೆತ್ತಿಯ ಮೇಲೆ ನಿಂತು ಬೆರಳ ಗಿಣ್ಣಿನಿಂದ ಹೆಲ್ಮೆಟ್ಟಿಗೆ ಟಕ್ ಟಕ್ ಎಂದು ಬಡಿದು, "ಹೂಂ, ನಡೀಲಿ" ಅಂದರೆ ಮುಗಿಯಿತು, ಆಮೇಲೆ ಕಾಣುವುದು ಧೂಳು. ಅವರು ಬ್ರೇಕು ಹಿಡಿದದ್ದನ್ನು ಕಂಡವರಿಲ್ಲ. ಅವರ ಸೈಕಲ್ಲಿನ ಬ್ರೇಕ್ ಪ್ಯಾಡು ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇದೆಯೆಂದು ಮಿಂಚಕ್ಕ ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದಳು. ನನಗೆ ಅವರು ಕಲಿಸಿದ್ದು ಒಂದೇ ಪಾಠ.

"ಲಗೇಜು, ಕಲ್ಲು ನೋಡ್ಬೇಡಿ. ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀರಿ. ದಾರಿ ನೋಡಿ."

ನಾನು ವಿಧೇಯನಾಗಿ ತಲೆಯಾಡಿಸಿ ಕಲ್ಲನ್ನೇ ನೋಡುತ್ತಿದ್ದೆ.

ಇನ್ನು ಉಳಿದ ದಿನಗಳವರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮಾಡಿ ಮಾಡಿ ಕಣ್ಣುಗಳು ಗುಳಿಬಿದ್ದಿದ್ದವು. ಅಷ್ಟರಲ್ಲಿ ಹೊಸ ಕೆಲಸವೊಂದು ಬಂತು: ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಹೋಗಿ ಆರೈಕೆ ಮಾಡುವುದು, ಹಗಲಲ್ಲಿ ಮಾತ್ರ. ಕಾರು ಆಸ್ಪತ್ರೆಯದು, ಓಡಿಸಬೇಕಾದವಳು ಅವಳೇ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಜಾಗ ಇನ್ನೊಬ್ಬರಿಗೆ. ಅವಳು ಟೈರಂಗಡಿಯ ಮಹಡಿಯಲ್ಲಿದ್ದ ಡ್ರೈವಿಂಗ್ ಶಾಲೆಗೆ ಸೇರಿದಳು. ಅಂದಿನಿಂದ ಸಂಜೆ ಊಟದ ಜೊತೆ ಮೇಷ್ಟ್ರ ಪುರಾಣ.

"ರೀ, ಆ ಮನುಷ್ಯನ ಕಾಲಡಿಗೂ ಒಂದು ಬ್ರೇಕಿದೆ. ಕಲಿಸೋರ ಕಾರಲ್ಲಿ ಹಾಗೇ ಇರುತ್ತಂತೆ. ನಾಯಿ ಬಂದ್ರೆ ಒತ್ತುತ್ತಾರೆ. ನಾಯಿ ಬರಬಹುದು ಅನ್ಸಿದ್ರೂ ಒತ್ತುತ್ತಾರೆ."

"ಪಾಪ, ಜಾಗ್ರತೆ ಮನುಷ್ಯ."

"ಜಾಗ್ರತೆಯಂತೆ, ಜಾಗ್ರತೆ! ಇವತ್ತು ಒಣಗಿದೆಲೆ ಹಾರಿ ಬಂತು, ಅದಕ್ಕೂ ಗಕ್ ಅಂತ ನಿಲ್ಸಿದ್ರು. 'ಕಂಬ, ಅಮ್ಮಾ, ಕಂಬ!' ಅಂತ ಕೂಗ್ಕೋತಾರೆ. ಕೂಗಿದ ಕೂಡ್ಲೇ ನಾನು ಕಂಬ ನೋಡ್ತೀನಿ, ಕಾರೂ ಆ ಕಡೆನೇ ಹೊರಡುತ್ತೆ."

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಮೊದಲ ಪರೀಕ್ಷೆಯಲ್ಲಿ ಅವಳು ನಪಾಸಾದಳು. ಪರೀಕ್ಷಕರು "ನಿಲ್ಲಿಸಿ" ಎಂದಾಗ ಅಭ್ಯಾಸಬಲದಿಂದ ಪಕ್ಕದವರೇ ನಿಲ್ಲಿಸುತ್ತಾರೆಂದು ಕಾದಳಂತೆ. ಅವತ್ತು ಪಕ್ಕದಲ್ಲಿದ್ದವರು ಮೇಷ್ಟ್ರಲ್ಲ, ಪರೀಕ್ಷಕರೇ; ಅವರು ಕಾಲು ಮಡಚಿ ಕೂತಿದ್ದರು. ಕಾರನ್ನು ನಿಲ್ಲಿಸಿದ್ದು ಲೈಸೆನ್ಸ್ ಕಚೇರಿಯ ಹೂಕುಂಡ. ಎರಡನೆಯ ಸಲವೂ ಅದೇ ಕಥೆ, ಹೂಕುಂಡ ಮಾತ್ರ ಬೇರೆ. ತಿಂಗಳು ಮುಗಿಯುವುದರೊಳಗೆ ಇನ್ನೊಂದೇ ಅವಕಾಶ ಉಳಿದಿತ್ತು.

ಗಂಡನೆನ್ನಿಸಿಕೊಂಡ ಮೇಲೆ ಒಂದು ಮಾತು ಕೇಳಿ ಬರೋಣವೆಂದು ಶಾಲೆಗೆ ಹೋದೆ. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಮೇಲಿನ ಕೋಣೆಯಲ್ಲಿ ರಸ್ತೆ ಚಿಹ್ನೆಗಳ ಪಟ, ಹಲಗೆಯ ಮೇಲೆ ಆಟಿಕೆ ಕಾರುಗಳು, ಮೇಜಿನ ಹಿಂದೆ ಮೇಷ್ಟ್ರ ಅಕ್ಕ.

"ನನ್ನ ತಮ್ಮನ ಕೈಲಿ ಕಲಿಯುವಾಗ ಒಬ್ರೂ ಇದುವರೆಗೆ ಯಾರಿಗೂ ಗುದ್ದಿಲ್ಲ," ಎಂದರು ಅಕ್ಕ.

"ಪಾಸಾದವರು?"

"ಅದು ಬೇರೆ ವಿಷಯ. ಬ್ರೇಕ್ ಪ್ಯಾಡಿಗೆ ನಾವು ಕೊಟ್ಟ ದುಡ್ಡಲ್ಲಿ ಪಕ್ಕದ ಗ್ಯಾರೇಜಿನವನು ಮನೆ ಕಟ್ಟಿಸ್ದ, ನೋಡಿ. ಅಷ್ಟು ಹುಷಾರು ನನ್ನ ತಮ್ಮ."

ಅಷ್ಟರಲ್ಲಿ ಮೇಷ್ಟ್ರು ಬಂದರು. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಇಸ್ತ್ರಿಯ ಅಂಗಿ, ಅಳತೆಪಟ್ಟಿ ಇಟ್ಟು ತೆಗೆದಂತಹ ಬೈತಲೆ, ಗದ್ದದ ಮೇಲೊಂದು ಹಸಿ ಗೀರು. "ಬೆಕ್ಕು ಪರಚಿತಂತೆ," ಎಂದರು ಅಕ್ಕ. ಮೇಷ್ಟ್ರು ನನ್ನ ಕಡೆ ಗೌರವದಿಂದ ತಲೆಬಾಗಿಸಿ, ಮುಂದಿನ ವಿದ್ಯಾರ್ಥಿನಿಯ ಜೊತೆ ಕೆಳಗಿಳಿದು ಹೋದರು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಕಾರಿನಲ್ಲಿ ಕೂತ ಮೇಷ್ಟ್ರು ತಮ್ಮ ಬರಿ ತಲೆಗೆ ಗಿಣ್ಣಿನಿಂದ ಟಕ್ ಟಕ್ ಬಡಿದುಕೊಂಡು, "ಹೂಂ, ನಡೀಲಿ" ಅಂದರು.

ಕಾರು ಒಂದು ಮೊಳ ನಡೆದು ಗಕ್ಕನೆ ನಿಂತಿತು. ನನ್ನ ಎದೆಯೂ.

ಮುಂದಿನ ಭಾನುವಾರ ಗುಡ್ಡದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಜಾರುಬಂಡೆ ನನ್ನನ್ನು ಬಂಡೆಯ ಮರೆಗೆ ಎಳೆದೊಯ್ದರು.

"ಮೊನ್ನೆ ಬಂದಿದ್ದು ನೀವೇ ತಾನೆ? ಹೊಟ್ಟೆ ನೋಡಿ ಗುರುತು ಹಿಡಿದೆ. ಕೈ ಮುಗೀತೀನಿ, ಅಕ್ಕನಿಗೂ ಹೇಳ್ಬೇಡಿ, ನಿಮ್ಮ ಮನೆಯವರಿಗೂ ಹೇಳ್ಬೇಡಿ. ಗುಡ್ಡದ ಮೇಲಿಂದ ಹೀಗೆ ಧುಮುಕೋನ ಹತ್ರ ಯಾರು ಕಲಿಯೋಕೆ ಬರ್ತಾರೆ? ಶಾಲೆ ಬಾಗಿಲು ಹಾಕ್ಬೇಕಾಗುತ್ತೆ."

ಮಾತು ಕೊಟ್ಟೆ. ಕೊಟ್ಟು ಪೇಚಿಗೆ ಸಿಕ್ಕಿಬಿದ್ದೆ. ಮನೆಯಲ್ಲಿ ಹೆಂಡತಿ ಅಡುಗೆಮನೆಯ ಕಾಲುಮಣೆಯನ್ನು ಬ್ರೇಕೆಂದು ತಿಳಿದು ತುಳಿಯುತ್ತಾ ಕೂರುತ್ತಿದ್ದಳು. "ನನ್ನ ತಲೆಗೇ ಹತ್ತಲ್ವೇನ್ರೀ ಇದು? ಮತ್ತೆ ರಾತ್ರಿ ಪಾಳಿನೇ ಗತಿಯಾ?" ಎಂದು ಕೇಳುತ್ತಿದ್ದಳು. ತಪ್ಪು ಅವಳ ಕಾಲಿನದಲ್ಲ, ಮೇಷ್ಟ್ರ ಕಾಲಿನದು ಎಂದು ನನಗೆ ಗೊತ್ತು. ಹೇಳಬೇಕೋ ಬೇಡವೋ ಗೊತ್ತಿಲ್ಲ. ಊರಿಗೆಲ್ಲ ಎಚ್ಚರಿಕೆ ಬರೆದುಕೊಡುವವನು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಅನ್ನ ಕಲೆಸುತ್ತಿದ್ದೆ.

ಬಾಯಿ ಮಾಡದ ಕೆಲಸವನ್ನು ಕೊನೆಗೆ ಕಾಲು ಮಾಡಿತು. ಅದರ ಮುಂದಿನ ಭಾನುವಾರ ಗುಡ್ಡದ ಬುಡದ ಹತ್ತಿರ ಒಂದು ಒಳ್ಳೆಯ ಕಲ್ಲನ್ನು ನೋಡಿದೆ, ಅದಕ್ಕೇ ಹೋದೆ, ಪಾದ ಉಳುಕಿತು. ಬೇಕೆಂದೇ ಬಿದ್ದೆನೇ ಎಂದರೆ ಇವತ್ತಿಗೂ ನನಗೆ ಖಚಿತವಿಲ್ಲ. ಫೋನು ಮಾಡಿದೆ. ಹೆಂಡತಿ ಟ್ಯಾಕ್ಸಿಯಲ್ಲಿ ಬ್ಯಾಂಡೇಜು ಹಿಡಿದುಕೊಂಡು ಬಂದಳು. ಅವಳು ನನ್ನ ಪಾದ ಸುತ್ತುತ್ತಿರುವಾಗಲೇ ಮೇಲಿನಿಂದ ಧೂಳಿನ ಮೋಡವೊಂದು ಉರುಳಿ ಬಂದು, ಅವಳ ಸೀರೆಯ ಅಂಚಿಗೆ ಒಂದು ಗೇಣು ಬಿಟ್ಟು, ಸದ್ದಿಲ್ಲದೆ ನಿಂತಿತು. ಮೋಡದೊಳಗಿನಿಂದ ಟಕ್ ಟಕ್.

ಅವಳು ತಲೆಯೆತ್ತಿದಳು. "ಮೇಷ್ಟ್ರೇ?"

"ನಾನಲ್ಲ," ಎಂದಿತು ಮೋಡ.

"ನೀವಲ್ದೇ ಇದ್ರೆ 'ನಾನಲ್ಲ' ಅಂದಿದ್ದು ಯಾರು?"

ಜಾರುಬಂಡೆ ಕನ್ನಡಕ ತೆಗೆದರು. ಕಣ್ಣ ಸುತ್ತ ಮಾತ್ರ ಮೇಷ್ಟ್ರು ಕಂಡರು.

"ಬ್ರೇಕೇ ಇಲ್ದೆ ಬಂದ್ರಲ್ಲ ನೀವು! ಒಣಗಿದೆಲೆಗೆ ಹೆದರೋರು!"

"ಬ್ರೇಕು ಹಿಡೀತೀನಿ ಅಮ್ಮಾ. ಒಂದೇ ಬೆರಳು, ಕೊನೇಲಿ. ಕಾಣಲ್ಲ ಅಷ್ಟೆ." ಅವರು ತಪ್ಪು ಮಾಡಿದವರಂತೆ ಕೈಗವಸು ಕಳಚಿದರು. "ಇಲ್ಲಿ ಹ್ಯಾಂಡಲ್ಲೂ ನಂದು, ಬ್ರೇಕೂ ನಂದು. ಬಿದ್ರೆ ನಾನೊಬ್ನೇ ಬೀಳೋದು. ಅಲ್ಲಿ ಸ್ಟೀರಿಂಗು ನಿಮ್ಮ ಕೈಲಿ. ಬೆಳಗ್ಗಿಂದ ಸಾಯಂಕಾಲದ ತನಕ ಇನ್ನೊಬ್ರ ಕೈಲಿ ಕೂತಿರ್ತೀನಿ. ನಂದು ಅಂತ ಇರೋದು ಈ ಬಲಗಾಲು ಒಂದೇ."

"ಆ ಬಲಗಾಲಿಂದಲೇ ನಾನು ಕೆಟ್ಟಿದ್ದು. ನನ್ನ ಕಾಲು ಹೋಗೋ ಜಾಗಕ್ಕೆ ನಿಮ್ಮದು ಮೊದಲೇ ಹೋಗಿ ಕೂತಿರುತ್ತೆ. ಬ್ರೇಕು ಎಷ್ಟು ಒತ್ತಿದ್ರೆ ಎಷ್ಟು ನಿಲ್ಲುತ್ತೆ ಅಂತ ನಂಗೆ ಗೊತ್ತೇ ಇಲ್ಲ, ಮೇಷ್ಟ್ರೇ." ಅವಳು ಬ್ಯಾಂಡೇಜಿನ ಗಂಟು ಬಿಗಿದಳು, ನಾನು ಅರಚಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. "ಹೊಸ ಹುಡುಗೀರಿಗೆ ಸೂಜಿ ಚುಚ್ಚೋದು ಕಲಿಸುವಾಗ ನಾನೇನ್ ಮಾಡ್ತೀನಿ ಗೊತ್ತಾ? ಎರಡೂ ಕೈ ಬೆನ್ನ ಹಿಂದೆ ಕಟ್ಕೋತೀನಿ. ಇಲ್ದಿದ್ರೆ ಕೈ ತಾನಾಗೇ ಹೋಗಿ ಕಿತ್ಕೊಳುತ್ತೆ."

ಮೇಷ್ಟ್ರು ತಮ್ಮ ಬಲಗಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಈ ನಡುವೆ ಕಟ್ಟಳೆಯೂ ಮುರಿದುಬಿದ್ದಿತ್ತು. ಗುಂಪಿನವಳಲ್ಲದ ನನ್ನ ಹೆಂಡತಿ, ಸುತ್ತ ಸೇರಿದವರನ್ನು ನೋಡಿ ಸಹಜವಾಗಿ, "ನೀವೆಲ್ಲ ಏನ್ ಕೆಲ್ಸ ಮಾಡ್ಕೊಂಡಿದ್ದೀರಿ?" ಎಂದು ಕೇಳಿಬಿಟ್ಟಳು. ಮಿಂಚಕ್ಕ ಊರಿನ ಸಿಗ್ನಲ್ಲುಗಳಲ್ಲಿ ಕೆಂಪು ದೀಪ ಎಷ್ಟು ಹೊತ್ತು ಉರಿಯಬೇಕೆಂದು ತೀರ್ಮಾನಿಸುವವಳಂತೆ. ಇಳಿಜಾರಿಗೆ ಹೆದರಿ ನಡೆಯುವ ಪಾದಯಾತ್ರಿ ಅಗ್ನಿಶಾಮಕ ದಳದವರು. "ಏಣಿಯಾದ್ರೆ ಹಿಡಿಕೆ ಇರುತ್ತೆ," ಎಂದರು ಅವರು, ನಾಚಿಕೊಂಡು. ನನ್ನ ಉದ್ಯೋಗವನ್ನು ಹೆಂಡತಿಯೇ ಹೇಳಿದಳು.

"ಓಹೋ, ಆ ಪುಸ್ತಿಕೆಗಳು ನಿಮ್ಮವಾ!" ಎಂದಳು ಮಿಂಚಕ್ಕ. ನಾನು ಉಬ್ಬಿದೆ. "ನಮ್ಮನೇಲಿ ಮೇಜಿನ ಒಂದು ಕಾಲು ಗಿಡ್ಡ. ಬಹಳ ಉಪಯೋಗ ಆಗಿದೆ."

ಹೊರಡುವಾಗ ಮೇಷ್ಟ್ರು ಟ್ಯಾಕ್ಸಿಯ ಕಿಟಕಿಗೆ ಬಗ್ಗಿ, "ಅಮ್ಮಾ, ಅಕ್ಕನಿಗೆ..." ಎಂದು ರಾಗ ಎಳೆದರು.

"ನನ್ನ ಪಾಸು ಮಾಡ್ಸಿ. ನಾನು ನಿಮ್ಮನ್ನ ಇಲ್ಲಿ ನೋಡೇ ಇಲ್ಲ."

ಸೋಮವಾರ ಹಳೆಯ ಬಸ್ ಡಿಪೋದ ಖಾಲಿ ಬಯಲಿನಲ್ಲಿ ಪಾಠ. ಉಳುಕಿದ ಪಾದ ಹೊತ್ತು ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಎದುರಿಗೆ ಅಡ್ಡಲಾಗಿ ಹಳೆಯ ಟೈರುಗಳ ಸಾಲು. ಮೇಷ್ಟ್ರು ಬೂಟು ಕಳಚಿ ಬದಿಗಿಟ್ಟರು. ತಲೆಗೆ ಟಕ್ ಟಕ್ ಬಡಿದುಕೊಂಡರು. ಆಮೇಲೆ ಎರಡೂ ಕಾಲುಗಳನ್ನು ಸೀಟಿನ ಮೇಲೆಳೆದುಕೊಂಡು, ಊಟಕ್ಕೆ ಕೂತವರ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತರು.

"ಟೈರು ನೋಡ್ಬೇಡಿ," ಎಂದರು. "ಎಲ್ಲಿ ನಿಲ್ಲಬೇಕೋ ಆ ನೆಲ ನೋಡಿ. ಹೂಂ, ನಡೀಲಿ."

ಮೊದಲ ಸಲ ಟೈರಿಗೆ ಮೆತ್ತಗೆ ಗುದ್ದಿ ನಿಂತೆವು. ಮೇಷ್ಟ್ರ ಮೊಣಕಾಲು ಗಾಳಿಗೆ ಸಿಕ್ಕ ಎಲೆಯಂತೆ ಅದುರುತ್ತಿತ್ತು, ಕೆಳಗೆ ಮಾತ್ರ ಇಳಿಯಲಿಲ್ಲ. ಎರಡನೆಯ ಸಲ ಅವಳು ಒತ್ತಿದ ಹೊಡೆತಕ್ಕೆ ನನ್ನ ಮೂಗು ಮುಂದಿನ ಸೀಟಿಗೆ ಮುತ್ತಿಟ್ಟಿತು. ಅದಾದ ಮೇಲೆ ಎಷ್ಟು ಸಲವೋ. ಒಮ್ಮೆ ಮಾತ್ರ, ಯಾರೂ ಏನೂ ಹೇಳದೆ, ಕಾರು ತಾನೇ ಮನಸ್ಸು ಮಾಡಿದ ಹಾಗೆ ನಿಧಾನವಾಗಿ ಬಂದು ಟೈರಿಗೆ ಒಂದು ಗೇಣು ಬಿಟ್ಟು ನಿಂತಿತು.

"ನೀವು ಒತ್ತಿದ್ರಾ?" ಎಂದು ಅವಳು ಅನುಮಾನದಿಂದ ಕೇಳಿದಳು.

ಮೇಷ್ಟ್ರು ಮಡಚಿದ ಪಾದಗಳನ್ನು ಎತ್ತಿ ತೋರಿಸಿದರು. ಕಣ್ಣಂಚು ಒದ್ದೆಯಾಗಿತ್ತು. ನಾನು ಕೆಳಗೆ ನೋಡಿಕೊಂಡೆ. ಹಿಂದಿನ ಸೀಟಿನ ಕಾಲ್ಚಾಪೆಯನ್ನು ನಾನು ಒಳ್ಳೆಯ ಕಾಲಿನಿಂದ ತುಳಿದೂ ತುಳಿದೂ ಮುದ್ದೆ ಮಾಡಿಬಿಟ್ಟಿದ್ದೆ.

ಅವಳು ಪಾಸಾದಳು. ಪರೀಕ್ಷಕರು ಕಾರಿಂದಿಳಿದು ಮೂರನೆಯ ಹೂಕುಂಡವನ್ನು ಮುಟ್ಟಿ ನೋಡಿ, "ಈ ಶಾಲೆಯೋರು ಬ್ರೇಕ್ ಹಾಕಿದ್ದು ಇದೇ ಮೊದಲ ಸಲ ನೋಡ್ತಿರೋದು," ಅಂದರಂತೆ. ಈಗ ಹಗಲೆಲ್ಲ ಊರಿನ ಮನೆಮನೆಗೂ ಹೋಗುತ್ತಾಳೆ, ರಾತ್ರಿ ಗೊರಕೆ ಹೊಡೆಯುತ್ತಾಳೆ. ಶಾಲೆಗೆ ಸಿಹಿ ಕೊಡಲು ಹೋದಾಗ ಅಕ್ಕ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರಂತೆ: "ಗುಡ್ಡದ ಮೇಲೆ ಹುಷಾರಾಗಿರ್ತಾನೇನಮ್ಮಾ ನನ್ನ ತಮ್ಮ? ನಮ್ಮ ಮನೇಲಿ ಬೆಕ್ಕೇ ಇಲ್ಲ."

ಮೇಷ್ಟ್ರು ಈಗ ಡಿಪೋದ ಬಯಲಿನಲ್ಲಿ ಎಲ್ಲ ವಿದ್ಯಾರ್ಥಿಗಳ ಜೊತೆಯೂ ಚಕ್ಕಳಮಕ್ಕಳ. ಬಲಗಾಲಿಗೆ ಕೆಲಸ ಕಡಿಮೆಯಾಗಿದೆ. ಆದರೆ ಆ ಹೆದರಿಕೆ ಎಲ್ಲಿಗೆ ಹೋಯಿತು ಎಂಬುದು ನನಗೆ ತಿಳಿದದ್ದು ಪಾದ ವಾಸಿಯಾಗಿ ಮತ್ತೆ ಗುಡ್ಡಕ್ಕೆ ಹೋದ ಭಾನುವಾರ.

"ಇವತ್ತು ನೀವು ಮುಂದೆ ಹೋಗಿ ಲಗೇಜು," ಎಂದರು ಜಾರುಬಂಡೆ. "ನಾನು ಹಿಂದೆ ಬರ್ತೀನಿ. ಒಂದು ಮಾತೂ ಆಡಲ್ಲ."

ನಾನು ಹೆಲ್ಮೆಟ್ಟಿಗೆ ಟಕ್ ಟಕ್ ಬಡಿದುಕೊಂಡೆ. ದಾರಿಯನ್ನೇ ನೋಡಿದೆ. ಜೀವನದಲ್ಲಿ ಮೊದಲ ಬಾರಿಗೆ ಗಾಳಿ ಕಿವಿಯಲ್ಲಿ ಹಾಡಿತು. ಅರ್ಧ ಗುಡ್ಡ ಇಳಿದಿರಬೇಕು, ಹಿಂದಿನಿಂದ ಕೇಳಿಬಂತು:

"ಕಲ್ಲು! ಲಗೇಜು, ಕಲ್ಲು!"

ನೋಡಿದೆ.

ಪೊದೆಯೊಳಗಿನಿಂದ ನನ್ನನ್ನು ಎತ್ತಿ ನಿಲ್ಲಿಸಿ, ಬೆನ್ನಿನ ಮುಳ್ಳು ಕೀಳುತ್ತಾ ಅವರು "ಕ್ಷಮಿಸಿ, ಬಾಯಿ ತಡೀಲಿಲ್ಲ" ಎನ್ನುತ್ತಿದ್ದರು. ಎತ್ತಿದವರು ಭಾನುವಾರದವರೋ ಉಳಿದ ದಿನಗಳವರೋ ಎಂದು ಕೇಳಬೇಕೆನಿಸಿತು. ಬಾಯಿ ತುಂಬ ಮಣ್ಣಿತ್ತು.