ಅಬ್ಬಾನ ಪದಕ್ಕೆ ಹಾಕಿದ ಪ್ರಸ್ತಾರ

ಆಗೆಲ್ಲ ಕರಜಗಿಯಲ್ಲಿ ಮೊಹರಮ್ ಹತ್ತಿರ ಬಂತೆಂದರೆ, ಹಬ್ಬದ ಸಿಹಿರೊಟ್ಟಿ ಚೊಂಗೆಯ ಬೆಲ್ಲದ ವಾಸನೆಗಿಂತ ಮೊದಲು ನಮ್ಮ ಮನೆಯಲ್ಲಿ ಪದ ಶುರುವಾಗುತ್ತಿತ್ತು. ಅಬ್ಬಾ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಕಟ್ಟುತ್ತಿದ್ದರು. ಹೆಜ್ಜೆ ಮೇಳದವರು ಅದನ್ನು ಹಾಡಿ ಕುಣಿಯುತ್ತಿದ್ದರು. ಮನೆಮಾತು ಉರ್ದು, ಪದ ಮಾತ್ರ ಕನ್ನಡ. ಅಬ್ಬಾಗೆ ಓದುಬರಹ ಬಾರದು, ಕಟ್ಟಿದ್ದು ಮರುದಿನಕ್ಕೆ ನೆನಪಿರದು. ಒಬ್ಬಳೇ ಮಗಳಾದ ನಾನು ಬರೆದುಕೊಂಡು, ಓದಿ ಓದಿ ಅವರಿಗೂ ಮೇಳಕ್ಕೂ ಕಲಿಸಬೇಕು.

ಒಂಬತ್ತನೇ ತರಗತಿಯಲ್ಲಿ ಪ್ರಸ್ತಾರ ಹಾಕುವುದನ್ನು ಕಲಿಸಿದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನನಗೆ ಅದರ ಹುಚ್ಚೇ ಹಿಡಿಯಿತು. ಅಂಗಡಿಯ ಬೋರ್ಡು, ಬಸ್ಸಿನ ಮೇಲಿನ ಊರಹೆಸರು, ಯಾವುದನ್ನೂ ಬಿಡಲಿಲ್ಲ. ಆ ವರ್ಷದ ಅಬ್ಬಾನ ಪದಕ್ಕೂ ಪ್ರಸ್ತಾರ ಹಾಕಿದೆ. ಸಾಲುಸಾಲಿಗೂ ಎರಡನೇ ಅಕ್ಷರದ ಪ್ರಾಸ ಸರಿಯಾಗಿ ಕೂತಿತ್ತು. ಶಾಲೆಯ ಮೆಟ್ಟಿಲು ಹತ್ತದವರಿಗೆ ಇದು ಹೇಗೆ ಬಂತಪ್ಪಾ ಎಂದು ಹೆಮ್ಮೆಯಾಯಿತು. ಆದರೆ ಎಲ್ಲ ಗಣಗಳಲ್ಲೂ ಐದೈದು ಮಾತ್ರೆ ಇರುವಾಗ ಮೂರನೇ ಸಾಲಿನ ಕೊನೆಯದು ಮೂರಕ್ಕೇ ನಿಂತಿತ್ತು. ಯಾರನ್ನೂ ಕೇಳದೆ ‘ಬಲು’ ಎಂದು ಸೇರಿಸಿ ಐದು ಮಾಡಿದೆ. ಹಾಗೆಯೇ ಎಲ್ಲರಿಗೂ ಓದಿ ಕಲಿಸಿದೆ.

ಸಂಜೆಯ ತಾಲೀಮಿನಲ್ಲಿ ಮೂರನೇ ಸಾಲು ಬಂದಾಗಲೆಲ್ಲ ಕುಣಿತ ತಪ್ಪಿತು. ಮುಂದೆ ನಿಂತು ಹೆಜ್ಜೆ ಹಾಕುವ ಸಿದ್ದಣ್ಣ ಗೆಜ್ಜೆ ನಿಲ್ಲಿಸಿದ.

“ಚಾಚಾ, ಇಲ್ಲಿ ಕಾಲು ತಿರುವಿ ಇಡಾಕ ಜಾಗಾನೇ ಇಲ್ರಿ. ನಿಮ್ಮ ಪದದಾಗ ಯಾವಾಗ್ಲೂ ಬಿಡ್ತಿದ್ರಿ.”

ಅಬ್ಬಾ ನನ್ನ ಕಡೆ ತಿರುಗಿದರು. “ಏನ್ ಬರದದ, ಓದು ಬೇಟಾ.”

‘ಬಲು’ ಸಮೇತ ಓದಿದೆ. ಬೈತಾರೆಂಬ ಹೆದರಿಕೆ ಇತ್ತು. ಲೆಕ್ಕ ನನ್ನದೇ ಸರಿ ಎಂಬ ಸೊಕ್ಕೂ ಇತ್ತು.

“ಬರದದ್ದು ತಪ್ಪಾಗಂಗಿಲ್ಲ,” ಎಂದರು ಅಬ್ಬಾ ಮೆಲ್ಲಗೆ. “ನನ್ನ ಕಿವೀನೇ ಕೆಟ್ಟಾವ. ಇನ್ನ ನನ್ನ ಕೈಲಿ ಆಗಂಗಿಲ್ಲ ಸಿದ್ದಣ್ಣ, ಬ್ಯಾರೇದವ್ರ ಪದ ಹಾಡ್ರಿ.”

ಮೇಳದವರು ಪರಿಪರಿಯಾಗಿ ಕೇಳಿಕೊಂಡರು. ಅಬ್ಬಾ ಮತ್ತೆ ಪದ ಕಟ್ಟಲಿಲ್ಲ.

ಈಗ ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮೊಹರಮ್ ಬಂದರೆ ಊರ ಹುಡುಗರು ಮೊಬೈಲ್ ನೋಡಿ ಪರವೂರಿನ ಪದ ಕಲಿತು ಕುಣಿಯುತ್ತಾರೆ. ನಮ್ಮೂರಿನ ಪದ ಅಂತ ಒಂದೂ ಅವರ ಬಾಯಲ್ಲಿ ಉಳಿದಿಲ್ಲ. ಪುಸ್ತಕದ ಲೆಕ್ಕದಲ್ಲಿ ಕಡಿಮೆಬಿದ್ದ ಆ ಎರಡು ಮಾತ್ರೆಗಳನ್ನು ಅಬ್ಬಾ ಕಾಲಿಗೆ ಬಿಟ್ಟಿದ್ದರು. ಇದು ಆ ತಾಲೀಮು ಮುಗಿಯುವ ಹೊತ್ತಿಗೇ ನನಗೆ ತಿಳಿದಿತ್ತು. ಅದಾದ ಮೇಲೆ ಅವರು ಒಂಬತ್ತು ವರ್ಷ ಬದುಕಿದ್ದರು. ನಾನು ಹೇಳಲಿಲ್ಲ. ತಮ್ಮ ಕಿವಿಯೇ ಕೆಟ್ಟಿತೆಂದು ನಂಬಿಕೊಂಡೇ ಹೋದರು.