ಮಿಷನ್ನಿಗೆ ಊರು ಕೇಳಲು ಕಲಿಸಿದ್ದು

ತೊಂಬತ್ತರ ದಶಕದಲ್ಲಿ ನಾನು ಹಿಂದೂಪುರದ ಒಂದು ಖಾಸಗಿ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಶಾಲೆಗಳ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವುದು ನಮ್ಮ ಕೆಲಸ. ಕಂಪ್ಯೂಟರಿಗೆ ನಾವೆಲ್ಲ ಮಿಷನ್ ಎನ್ನುತ್ತಿದ್ದೆವು. ಕಲ್ಯಾಣದುರ್ಗದ ಸಣ್ಣ ಆಫೀಸಿನಲ್ಲಿ ನಮ್ಮದೇ ಇನ್ನೊಂದು ಮಿಷನ್ನಿತ್ತು. ಅಲ್ಲಿ ಒಬ್ಬರೇ ಕೂತು ಟೈಪ್ ಮಾಡುತ್ತಿದ್ದ ಹೆಂಗಸನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಂಡನಿಲ್ಲದ ಮನೆ, ಆ ಕೆಲಸದಿಂದಲೇ ಒಲೆ ಉರಿಯಬೇಕು. ಟೆಲಿಫೋನ್ ತಂತಿಯ ಮೂಲಕ ಆ ಮಿಷನ್ನನ್ನು ನಾನು ಇಲ್ಲಿಂದಲೇ ನಡೆಸಬಹುದಿತ್ತು. ಆರಿಹೋದರೆ ಮಾತ್ರ ಅಲ್ಲಿದ್ದವರೇ ಗುಂಡಿ ಒತ್ತಿ ಎಬ್ಬಿಸಬೇಕು. ಹಾಗೆ ಎರಡು ಸಲ ಆರಿತ್ತು. ಕರೆಂಟು ಹೋದದ್ದಕ್ಕೂ ಅಕ್ಕನನ್ನೇ ಬೈದ ಯಜಮಾನರು, ಇನ್ನೊಂದು ಸಲ ಆದರೆ ಕೆಲಸ ಇಲ್ಲ ಎಂದಿದ್ದರು.

ಪ್ರತಿ ಶುಕ್ರವಾರ ನಮ್ಮಲ್ಲಿ ಮಿಷನ್ ಪೂಜೆ. ಓಡುವ ಮಿಷನ್ನಿಗೆ ಹೊಗೆ ತಾಕಬಾರದೆಂದು ಆರತಿಗೆ ಮುಂಚೆ ಆರಿಸುವುದು ಪದ್ಧತಿ. ಆ ಶುಕ್ರವಾರ ಸಂಜೆ ಯಜಮಾನರು ಆಗಲೇ ಕರ್ಪೂರ ಹಚ್ಚಿಕೊಂಡು ನಿಂತಿದ್ದರು. "ಏನಮ್ಮಾ, ಆರ್ಸಿದ್ಯಾ? ಕೈ ಸುಡ್ತೈತೆ!"

ಗಡಿಬಿಡಿಯಲ್ಲಿ ಆರಿಸುವ ಆಜ್ಞೆ ಒತ್ತಿದೆ. ಕಾಲ ಬಳಿ ನಮ್ಮ ಮಿಷನ್ನು ಗುಂಯ್ ಎನ್ನುತ್ತಲೇ ಇತ್ತು. ಪರದೆಯ ಮೇಲೆ ಸಂಪರ್ಕ ಕಡಿದಿದೆ ಎಂಬ ಸಾಲು. ಮಧ್ಯಾಹ್ನ ತಂತಿಯ ಮೂಲಕ ಕಲ್ಯಾಣದುರ್ಗದ ಮಿಷನ್ನಿಗೆ ಹೋದವಳು ಹೊರಗೆ ಬಂದೇ ಇರಲಿಲ್ಲ. ನಾನು ಆರಿಸಿದ್ದು ಅಕ್ಕನ ಮಿಷನ್ನನ್ನು. ನನ್ನ ಕೈಗಿಷ್ಟು ಬೆಂಕಿ ಹಾಕ!

ಫೋನು ಹೊಡೆದುಕೊಂಡಿತು. ಯಜಮಾನರೇ ಎತ್ತಿದರು. ಅಕ್ಕನ ದನಿ ನನಗೂ ಕೇಳುತ್ತಿತ್ತು. "ನಾನೇನೂ ಮುಟ್ನಿಲ್ಲ ಸಾರ್, ದೇವ್ರಾಣೆಗೂ! ಕರೆಂಟೂ ಐತೆ. ಅದ್ರಷ್ಟಕ್ಕೆ ಅದೇ ಆರ್ಹೋಯ್ತು." ಅಳುತ್ತಿದ್ದರು.

"ವದ್ದಮ್ಮಾ, ವದ್ದು" ಎಂದು ತೆಲುಗಿನಲ್ಲೇ ಬೇಡ ಎಂದರು ಯಜಮಾನರು. "ನಾಳೆಯಿಂದ ಬರ್ಬ್ಯಾಡ ನೀನು."

ಬಾಯಿ ತೆರೆದರೆ ನನ್ನ ಕೆಲಸವೂ ಹೋಗುತ್ತದೆ. ಯಜಮಾನರು ಫೋನಿಟ್ಟು ಆರತಿ ಎತ್ತಿದರು, ನಾನು ಹೇಡಿಯಂತೆ ಗಂಟೆ ಬಾರಿಸಿದೆ. ಮಂಗಳಾರತಿ ತಟ್ಟೆ ನನ್ನ ಮುಂದೆ ಬಂದಾಗ ಕೈ ಚಾಚಲಾಗಲಿಲ್ಲ. "ಆರಿಸಿದ್ದು ನಾನು ಸಾರ್" ಎಂದೆ.

ಅವರು ತಟ್ಟೆ ಕೆಳಗಿಟ್ಟರು. "ಫೋನ್ ಮಾಡಿ ವಾಪಸ್ ಕರೀ ಆಯಮ್ಮನ್ನ" ಎಂದರು. ಎಷ್ಟು ಸಲ ತಿರುಗಿಸಿದರೂ ಯಾರೂ ಎತ್ತಲಿಲ್ಲ. ಅಕ್ಕ ಬೀಗ ಹಾಕಿ ಹೋಗಿಬಿಟ್ಟಿದ್ದರು. ಅವರು ಏನಾದರೂ ಮಾಡಿಕೊಂಡರೆ ಎಂದು ರಾತ್ರಿಯೆಲ್ಲ ಎದ್ದೇ ಕೂತಿದ್ದೆ.

ಬೆಳಗಿನ ಮೊದಲ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೋದೆ. ಅಕ್ಕ ಮನೆಯ ಬಾಗಿಲು ತೆಗೆದರು. ಬದುಕಿದೆ ಅನ್ನಿಸಿತು. ಹೊಸ್ತಿಲಲ್ಲೇ ನಿಂತು ತಪ್ಪು ಒಪ್ಪಿಕೊಂಡೆ, ಆಫೀಸಿಗೆ ವಾಪಸು ಕರೆದುಕೊಂಡು ಹೋದೆ. ಅವರೇ ಗುಂಡಿ ಒತ್ತಿದರು, ಮಿಷನ್ನು ಎದ್ದಿತು. ಅವರೆದುರೇ ಕೂತು ಅದಕ್ಕೊಂದು ಪಾಠ ಬರೆದೆ. ಇನ್ನು ಮೇಲೆ ಯಾರೇ ಆರಿಸಲು ಹೇಳಿದರೂ ಅದು "ಯಾವೂರು?" ಎಂದು ಕೇಳಬೇಕು, ಕಲ್ಯಾಣದುರ್ಗ ಎಂದು ಪೂರ್ತಿ ಟೈಪಿಸದಿದ್ದರೆ ಆರಬಾರದು.

"ಅಯ್ಯಯ್ಯಾ, ಬಸ್ನಾಗೆ ಪಕ್ಕದೋರು ಕೇಳ್ದಂಗೆ ಕೇಳ್ತೈತಲ್ಲಮ್ಮಾ ಇದು!" ಅಕ್ಕ ನಕ್ಕರು. ನಾನೂ ನಕ್ಕೆ.

ಆಮೇಲೆ ನಗು ನಿಲ್ಲಿಸಿ, ಸೆರಗಿನಿಂದ ಕೀಬೋರ್ಡಿನ ಕೀಲಿಗಳನ್ನು ಒರೆಸುತ್ತಾ ಕೇಳಿದರು. "ನಿನ್ನೆ ನಾನು ಫೋನಾಗೆ ಅಳ್ತಿದ್ನಲ್ಲ, ಆವಾಗ ನೀನು ಪಕ್ಕದಾಗೇ ಇದ್ಯಾ?"

"ಇದ್ದೆ ಅಕ್ಕ" ಎಂದೆ.